ನಿಮ್ಮ ದನಿ ನಿಮಗೇ ತಡವಾಗಿ ಕೇಳಿದರೆ

ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸರಿಗಮ ಹಾಡಿ ನೋಡಿ. ಕೆಲವು ಮನೆಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ಬಾಯಿ ‘ಗ’ ಎನ್ನುವಾಗ ಕಿವಿಯಲ್ಲಿ ಇನ್ನೂ ‘ರಿ’ ಕೇಳುತ್ತಿರುತ್ತದೆ! ಎರಡು ಸಾಲು ಹಾಡುವಷ್ಟರಲ್ಲಿ ತಾಳ ತಪ್ಪುತ್ತದೆ, ನಾಲಗೆ ತೊಡರುತ್ತದೆ. ಅಭ್ಯಾಸ ಸಾಲದು ಎಂದು ಯಾರಾದರೂ ಗದರಿದರೆ ಬೇಸರ ಮಾಡಿಕೊಳ್ಳಬೇಡಿ. 1950ರಲ್ಲಿ ಅಮೆರಿಕದ ಬರ್ನಾರ್ಡ್ ಲೀ ಎಂಬುವರು ಟೇಪ್ ರೆಕಾರ್ಡರ್ ಬಳಸಿ, ಮಾತನಾಡುವವರ ದನಿಯನ್ನು ಅವರ ಕಿವಿಗೇ ತುಸು ತಡವಾಗಿ ಕೇಳಿಸಿದರು. ಸಲೀಸಾಗಿ ಮಾತನಾಡುತ್ತಿದ್ದವರೂ ತೊದಲತೊಡಗಿದರು. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೆ ಗೊಂದಲ ಜೋರು. ನಾವು ಮಾತನಾಡುವಾಗ ಬಾಯಿಯ ಮೇಲೆ ಕಿವಿ ಸದಾ ಒಂದು ಕಣ್ಣಿಟ್ಟಿರುತ್ತದೆ, ಅದಕ್ಕೇ ಈ ಫಜೀತಿ.

ಈ ತಡ ಆಗುವುದು ಎಲ್ಲಿ? ತಂತಿಯಲ್ಲಂತೂ ಅಲ್ಲ. ಮೈಕಿನ ತಂತಿಯಲ್ಲಿ ವಿದ್ಯುತ್ತು ರೆಪ್ಪೆ ಬಡಿಯುವುದಕ್ಕೂ ಎಷ್ಟೋ ಮೊದಲೇ ಗುರಿ ಮುಟ್ಟಿರುತ್ತದೆ. ಆದರೆ ಕಂಪ್ಯೂಟರಿಗೆ ಅರ್ಥವಾಗುವುದು ಅಂಕಿ ಮಾತ್ರ. ಅದು ನಿಮ್ಮ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆದುಕೊಳ್ಳುತ್ತದೆ. ಹಾಡಿನ ಸಿ.ಡಿ.ಯಲ್ಲಾದರೆ 44,100 ಸಲ. ಒಂದೊಂದು ಅಂಕಿ ಬಂದಾಗಲೂ ಎದ್ದು ಓಡಿ ಮುಟ್ಟಿಸಿ ಬರುವುದು ಆಗದ ಮಾತು, ಅದಕ್ಕೆ ಬೇರೆ ಕೆಲಸಗಳೂ ಇವೆಯಲ್ಲ! ಹಾಗಾಗಿ ಒಂದಷ್ಟನ್ನು ಕೂಡಿಹಾಕಿ ಒಟ್ಟಿಗೆ ಸಾಗಿಸುತ್ತದೆ. ಕೂಡಿಹಾಕುವ ಆ ಜಾಗಕ್ಕೆ ಬಫರ್ ಎಂದು ಹೆಸರು. ಹಳ್ಳಿಗೆ ಹೋಗುವ ಟೆಂಪೋ ಸೀಟು ತುಂಬುವ ತನಕ ಹೊರಡುವುದಿಲ್ಲ, ನೋಡಿದ್ದೀರಲ್ಲ? ಇದೂ ಹಾಗೇ. ಮೊದಲು ಹತ್ತಿ ಕೂತವರೂ ಕಡೆಯವರು ಬರುವವರೆಗೆ ಕಾಯಲೇಬೇಕು.

1,024 ಅಂಕಿ ಹಿಡಿಯುವ ಬಫರ್ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡು. ದನಿ ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು. ಅಲ್ಲಿಗೇ 42 ದಾಟಿತು. ಅದೇ 128ಕ್ಕೆ ಇಳಿಸಿದರೆ ಒಂದೊಂದಕ್ಕೆ ಮೂರು ಮಿಲಿಸೆಕೆಂಡೂ ಹಿಡಿಯದು. ಹಾಗಿದ್ದರೆ ಎಲ್ಲರೂ ಚಿಕ್ಕದನ್ನೇ ಇಟ್ಟುಕೊಳ್ಳಬಹುದಿತ್ತಲ್ಲ? ಚಿಕ್ಕ ಗಾಡಿಯಾದರೆ ಸೆಕೆಂಡಿಗೆ 375 ಟ್ರಿಪ್ ಹೊಡೆಯಬೇಕು. ಹಳೇ ಕಂಪ್ಯೂಟರಿಗೆ ಏದುಸಿರು ಬರುತ್ತದೆ. ಒಂದು ಟ್ರಿಪ್ ತಪ್ಪಿದರೂ ಕಿವಿಯಲ್ಲಿ ಪಟ್ ಪಟ್ ಸದ್ದು. ಆದ್ದರಿಂದ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಬಫರನ್ನು ಅರ್ಧಕ್ಕೆ, ಮತ್ತೆ ಅದರ ಅರ್ಧಕ್ಕೆ ಇಳಿಸುತ್ತ ಹೋಗಿ. ಪಟ್ ಪಟ್ ಶುರುವಾದ ಕೂಡಲೇ ಒಂದು ಮೆಟ್ಟಿಲು ಮೇಲೆ ಬನ್ನಿ.

ಅದಕ್ಕೂ ಮುಂಚೆ ಬ್ಲೂಟೂತ್ ಇಯರ್‌ಫೋನ್ ತೆಗೆದಿಡಿ. ದನಿಯನ್ನು ಕುಗ್ಗಿಸಿ, ರೇಡಿಯೋ ಅಲೆಯಲ್ಲಿ ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ಕಳೆದುಹೋಗುವುದುಂಟು. ಅಷ್ಟು ಹೊತ್ತಿನಲ್ಲಿ ಬರಿಯ ಗಾಳಿಯಲ್ಲೇ ಸದ್ದು 34ರಿಂದ 68 ಮೀಟರ್ ದೂರ ಹೋಗಿಬಿಡುತ್ತದೆ! ಹಾಡುವವರಿಗೆ ತಂತಿ ಇರುವ ಅಗ್ಗದ ಇಯರ್‌ಫೋನೇ ವಾಸಿ. ಗದ್ದಲ ಅಳಿಸುವ, ದನಿ ಚಂದ ಮಾಡುವ ಸೌಲಭ್ಯಗಳನ್ನೂ ಆಫ್ ಮಾಡಿ, ಅವೂ ಸಮಯ ತಿನ್ನುತ್ತವೆ. ಕೆಲವು ಯುಎಸ್‌ಬಿ ಮೈಕುಗಳಲ್ಲೇ ಇಯರ್‌ಫೋನ್ ಸಿಕ್ಕಿಸಲು ಜಾಗ ಇರುತ್ತದೆ. ಅಲ್ಲಿ ದನಿ ಕಂಪ್ಯೂಟರಿನ ತನಕ ಹೋಗದೆ ಸೀದಾ ಕಿವಿಗೆ ಬರುವಂತೆ ಮಾಡಬಹುದು.

ಇನ್ನು ತಡ ಎಷ್ಟಿದೆ ಎಂದು ನೀವೇ ಅಳೆಯಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರಿದಮ್ ಟ್ರ್ಯಾಕ್ ಹಾಕಿದರೆ ಟಿಕ್ ಟಿಕ್ ತಾಳ ಸಿಗುತ್ತದೆ. ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಆ ತಾಳ ನುಡಿಯುತ್ತಿರುವಾಗಲೇ ಇನ್ನೊಂದು ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದರೆ, ಎರಡು ಟಿಕ್‌ಗಳ ಮೊನೆಗಳು ಒಂದರ ಕೆಳಗೊಂದು ಕೂರದೆ ಪಕ್ಕಕ್ಕೆ ಸರಿದಿರುತ್ತವೆ. ಆ ಅಂತರವೇ ತಡ. ಒಂದು ಕಿತಾಪತಿ ಇದೆ: ಆಡಾಸಿಟಿ ಮೊದಲೇ 130 ಮಿಲಿಸೆಕೆಂಡ್ ಹಿಂದಕ್ಕೆ ಎಳೆದಿಟ್ಟಿರುತ್ತದೆ, ಹಾಗಾಗಿ ರೆಕಾರ್ಡ್ ಆದ ಟಿಕ್ ಮೂಲ ಟಿಕ್‌ಗಿಂತ ಮುಂಚೆಯೇ ಬಂದಂತೆ ಕಾಣಬಹುದು! ಸೆಟ್ಟಿಂಗ್‌ನ ಲೇಟೆನ್ಸಿ ಕಾಂಪೆನ್ಸೇಶನ್ ಎಂಬಲ್ಲಿ ಸೊನ್ನೆ ಬರೆದು ಅಳೆಯಿರಿ. ಸಿಕ್ಕಿದ ಅಂಕಿಯನ್ನು ಮೈನಸ್ ಚಿಹ್ನೆಯೊಡನೆ ಅಲ್ಲೇ ಬರೆಯಿರಿ. ಮೈಕು, ಇಯರ್‌ಫೋನ್ ಇಲ್ಲವೇ ಬಫರ್ ಬದಲಿಸಿದರೆ ಮತ್ತೆ ಅಳೆಯಬೇಕು.