ದಾನದ ಚಿತ್ರವೋ, ದಾನಿಯ ಚಿತ್ರವೋ?

(ಕುಪ್ಪಗಡ್ಡೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಟಿ.ಎಸ್. ಸತ್ಯನ್‌ರನ್ನು ಮುಖತಃ ಕಾಣುವ ಅವಕಾಶ ನನಗೆ ಒದಗಲಿಲ್ಲ. 1923ರಲ್ಲಿ ಜನಿಸಿದ ಮೈಸೂರಿನ ಆ ಹಿರಿಯ ಛಾಯಾಗ್ರಾಹಕರು 2009ರ ಡಿಸೆಂಬರ್‌ನಲ್ಲಿ ನಿಧನರಾದರು. ನಾನು ಅವರನ್ನು ಭೇಟಿಯಾದದ್ದು ಅವರ ಚಿತ್ರಗಳಲ್ಲಿ ಹಾಗೂ 'ಕಾಲಕ್ಕೆ ಕನ್ನಡಿ' ಎಂಬ ಅವರ ಕೃತಿಯಲ್ಲಿ. ಆ ಭೇಟಿಯಿಂದ ನಾನು ತಲೆತಗ್ಗಿಸಿ ಹಿಂದಿರುಗಿದೆ. ಅದರ ಕಾರಣವನ್ನು ತಮ್ಮ ಮುಂದಿಡುತ್ತೇನೆ.

ಸತ್ಯನ್ ದೊಡ್ಡ ಪತ್ರಿಕೆಗಳಿಗೆ ದುಡಿದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಆದರೆ ಅವರ ಕ್ಯಾಮರಾ ಹೆಚ್ಚಾಗಿ ಹುಡುಕಿದ್ದು ಸಾಮಾನ್ಯ ಜನರನ್ನು, ವಿಶೇಷವಾಗಿ ಮಕ್ಕಳನ್ನು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ಬಡತನವಿದೆ, ದೈನ್ಯವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬು ನಿರ್ಮೂಲನ ಕಾರ್ಯವನ್ನೂ ಚಿತ್ರಿಸಿದರು. ಆ ದಿನಗಳಲ್ಲಿ ಆರೋಗ್ಯ ಕಾರ್ಯಕರ್ತರು ಸಿಡುಬು ತಗುಲಿದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು ಮನೆ ಮನೆಗೆ ಹೋಗಿ, ಇಂತಹ ರೋಗಿಯನ್ನು ಕಂಡಿದ್ದೀರಾ ಎಂದು ವಿಚಾರಿಸುತ್ತಿದ್ದರು. 1975ರಲ್ಲಿ ಭಾರತದ ಕೊನೆಯ ಪ್ರಕರಣ ವರದಿಯಾಯಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಿಸಲಾಯಿತು. ಒಂದು ಮಗುವಿನ ನೋವಿನ ಚಿತ್ರ ಅಸಂಖ್ಯ ಮಕ್ಕಳ ರಕ್ಷಣೆಗೆ ನೆರವಾಯಿತು.

ಈಗ ನಮ್ಮ ಚಿತ್ರಗಳನ್ನು ನೋಡೋಣ. ಒಂದು ರಮಝಾನ್‌ನಲ್ಲಿ ನಾನೂ ಆಹಾರದ ಕಿಟ್ ಹಂಚುವವರ ಸಾಲಿನಲ್ಲಿ ನಿಂತಿದ್ದೆ. ಒಂದು ಚೀಲಕ್ಕೆ ಎಂಟು ಕೈಗಳು. ಪಡೆಯಲು ಬಂದ ವಿಧವೆ ಸೆರಗಿನಿಂದ ಮುಖ ಮುಚ್ಚಿಕೊಂಡಾಗ, "ಅಮ್ಮಾ, ಸ್ವಲ್ಪ ಈ ಕಡೆ ನೋಡಿ" ಎಂದವನು ನಾನೇ. ಸಂಜೆಯೊಳಗೆ ಆ ಚಿತ್ರ ಊರಿನ ಎಲ್ಲ ಮೊಬೈಲ್‌ಗಳಲ್ಲಿತ್ತು. ಮರುವರ್ಷ ಆಕೆ ಬರಲಿಲ್ಲ. ಆಕೆಯ ಹಸಿವು ತೀರಿದ್ದರಿಂದಲ್ಲ. ಶಾಲೆಯಲ್ಲಿ ಮಗನನ್ನು ಸಹಪಾಠಿಗಳು ಆ ಚಿತ್ರ ತೋರಿಸಿ ಹಂಗಿಸಿದ್ದರಿಂದ.

ಉಪಕಾರವನ್ನು ಎತ್ತಿ ಆಡಿ, ನೋಯಿಸಿ ನಿಮ್ಮ ದಾನವನ್ನು ವ್ಯರ್ಥಗೊಳಿಸಬೇಡಿರಿ ಎಂಬುದು ಪವಿತ್ರ ಕುರ್‌ಆನಿನ ಆದೇಶ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡುವವನಿಗೆ ಪರಲೋಕದಲ್ಲಿ ಅಲ್ಲಾಹನ ನೆರಳಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ನಮ್ಮ ಎಡಗೈಯಲ್ಲಂತೂ ಮೊಬೈಲ್ ಇರುತ್ತದೆ!

ಲೆಕ್ಕ ತೋರಿಸಬೇಡವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಹಿರಂಗವಾಗಿ ಕೊಡುವುದನ್ನೂ ಕುರ್‌ಆನ್ ಒಳ್ಳೆಯದೆಂದೇ ಹೇಳಿದೆ. ಬಡವರಿಗೆ ಗುಪ್ತವಾಗಿ ಕೊಡುವುದು ಇನ್ನೂ ಉತ್ತಮ ಎಂದಿದೆ. ಖರೀದಿಯ ರಸೀದಿ ಇರಲಿ, ಜಮಾಅತಿನ ಪುಸ್ತಕದಲ್ಲಿ ಸಹಿ ಇರಲಿ, ಜೋಡಿಸಿಟ್ಟ ಚೀಲಗಳ ಚಿತ್ರವೂ ಇರಲಿ. ಪಡೆದವರ ಮುಖ ಏಕೆ ಬೇಕು?

ಯುವಕರೇ, ಕ್ಯಾಮರಾವನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಸೋರುವ ಶಾಲೆಯ ಮಾಡನ್ನು, ಕೆಟ್ಟು ನಿಂತ ಬೋರ್‌ವೆಲ್ಲನ್ನು, ಬೀಗ ಬಿದ್ದ ಅಂಗನವಾಡಿಯನ್ನು ಚಿತ್ರಿಸಿ ಅಧಿಕಾರಿಗಳ ಮೇಜಿನ ಮೇಲಿಡಿರಿ. ಕ್ಯಾಮರಾ ಅಧಿಕಾರಸ್ಥರನ್ನು ಪ್ರಶ್ನಿಸಲಿ, ಅಸಹಾಯಕರನ್ನಲ್ಲ. ಗುಂಡಿ ಒತ್ತುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ: ಈ ಚಿತ್ರದಿಂದ ಯಾರಿಗೆ ಪ್ರಯೋಜನ, ಅದರಲ್ಲಿರುವವರಿಗೋ, ತೆಗೆಸಿದವರಿಗೋ?

ಆ ತಾಯಿಯ ಮನೆಗೆ ನಾನು ಕ್ಷಮೆ ಕೇಳಲು ಹೋದೆ. ಆಕೆ ಚಹಾ ಕೊಟ್ಟರು, ಏನೂ ಹೇಳಲಿಲ್ಲ. ಅಲ್ಲಾಹನು ನಮ್ಮ ದಾನಗಳನ್ನು ತೋರಿಕೆಯಿಂದ ರಕ್ಷಿಸಲಿ. ಆಮೀನ್.