ಮಂತ್ರಿಪದವಿಯನ್ನು ಬಿಟ್ಟುಕೊಟ್ಟ ಸಮಾಜವಾದಿ

ಇಟಲಿ ದೇಶವೆಂದೊಡನೆ ವಿದ್ಯಾವಂತರಾದ ನಮ್ಮವರಿಗೆ ಮಾಜಿನಿ, ಗ್ಯಾರಿಬಾಲ್ಡಿ, ಕಾವೂರರ ಹೆಸರುಗಳು ನೆನಪಿಗೆ ಬರುತ್ತವೆ; ಅಲ್ಲಿಂದ ಮುಂದೆ ಒಮ್ಮೆಲೇ ಮುಸೋಲಿನಿಯ ಹೆಸರು. ನಡುವಣ ಅರ್ಧಶತಮಾನವು ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಮಟ್ಟಿಗೆ ಬರಿದಾಗಿಯೇ ಇರುವುದು. ಆ ಬರಿದಾದ ಜಾಗದಲ್ಲಿ ಬಾಳಿ ಅಳಿದ ಒಬ್ಬ ರಾಜಕಾರಣಿಯ ವಿಚಾರವನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಬಯಸಿದ್ದೇವೆ. ಆತನ ಹೆಸರು ಲಿಯೋನೀದಾ ಬಿಸ್ಸೊಲಾತಿ.

ಆತನು ಹುಟ್ಟಿದುದು 1857ರಲ್ಲಿ, ಪೋ ನದಿಯ ಬಯಲಿನ ಕ್ರೆಮೋನಾ ಪಟ್ಟಣದಲ್ಲಿ. ತಂದೆಯು ಪಾದ್ರಿಯ ದೀಕ್ಷೆಯನ್ನು ತೊರೆದು ಸಂಸಾರ ಹೂಡಿದ ವಿದ್ವಾಂಸ. ಮಗನು ಬೊಲೋನ್ಯದಲ್ಲಿ ನ್ಯಾಯಶಾಸ್ತ್ರವನ್ನು ಓದಿ, ಊರಿನಲ್ಲಿ ವಕೀಲನಾಗಿ ನಿಂತನು. ಸುತ್ತಣ ಹೊಲಗಳು ಫಲವತ್ತಾಗಿದ್ದವು. ಅವುಗಳಲ್ಲಿ ದುಡಿಯುವ ಕೂಲಿಯವನ ಹೊಟ್ಟೆ ಮಾತ್ರ ತುಂಬುತ್ತಿರಲಿಲ್ಲ. ಬಿಸ್ಸೊಲಾತಿಯು ಆ ಕೂಲಿಗಳನ್ನು ಸಂಘಟಿಸಿದನು. ಅವರಿಗಾಗಿ 1889ರಲ್ಲಿ ಒಂದು ವಾರಪತ್ರಿಕೆಯನ್ನು ಹೊರಡಿಸಿದನು. 1896ರ ಕ್ರಿಸ್‌ಮಸ್ ದಿನ ಸಮಾಜವಾದಿ ಪಕ್ಷದ ‘ಅವಾಂತಿ’ ಎಂಬ ದಿನಪತ್ರಿಕೆ ರೋಮಿನಲ್ಲಿ ಆರಂಭವಾದಾಗ ಅದರ ಮೊದಲ ಸಂಪಾದಕನು ಈತನೇ. ಮರುವರ್ಷ ಪಾರ್ಲಿಮೆಂಟಿನ ಸದಸ್ಯನಾದನು.

ಈತನು ಸೌಮ್ಯವಾದಿಯೆಂದು ಹೆಸರಾದವನಾದರೂ ಮೆತ್ತಗಿನ ಮನುಷ್ಯನೆಂದು ತಿಳಿಯಬಾರದು. 1899ರಲ್ಲಿ ಜನರಲ್ ಪೆಲ್ಲೂ ಎಂಬ ಪ್ರಧಾನಿಯು ಸಭೆ ಸೇರುವ ಹಕ್ಕನ್ನೂ ಪತ್ರಿಕೆಗಳ ಸ್ವಾತಂತ್ರ್ಯವನ್ನೂ ಮೊಟಕುಮಾಡಲು ಹವಣಿಸಿದಾಗ, ಜೂನ್ 30ರಂದು ಬಿಸ್ಸೊಲಾತಿಯೂ ಆತನ ಕೆಲವರು ಸಂಗಡಿಗರೂ ಸಭಾಭವನದಲ್ಲಿಯೇ ಮತಪೆಟ್ಟಿಗೆಗಳನ್ನು ಉರುಳಿಸಿಬಿಟ್ಟರು. ಶಾಸನಸಭೆಯ ಮರ್ಯಾದೆಯನ್ನು ಬಲ್ಲವರು ಇದನ್ನು ಒಪ್ಪಲಾರರು. ಆ ಮರ್ಯಾದೆಯನ್ನು ಮೊದಲು ಮುರಿಯಹೊರಟವರು ಯಾರೆಂಬುದನ್ನೂ ಅವರು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ.

1911ರಲ್ಲಿ ಜೊಲಿತ್ತಿಯು ತನ್ನ ಮಂತ್ರಿಮಂಡಲಕ್ಕೆ ಬರುವಂತೆ ಆತನನ್ನು ಆಹ್ವಾನಿಸಿದನು. ದೊರೆಯೊಡನೆ ಸಮಾಲೋಚನೆಗಾಗಿ ಬಿಸ್ಸೊಲಾತಿಯು ಅರಮನೆಗೆ ಹೋದನು. ಹೋದುದು ಎಂದಿನ ಕೋಟು, ಮೆತ್ತನೆಯ ಹ್ಯಾಟು ಧರಿಸಿ. ದರ್ಬಾರಿನ ಉಡುಪಿನ ಕಟ್ಟಳೆಗಳ ಕಥೆಯನ್ನು ಕೇಳಿ ಬೆಳೆದ ನಮ್ಮ ಮೈಸೂರಿನವರಿಗೆ ಆ ಹ್ಯಾಟಿನಿಂದೆದ್ದ ಗದ್ದಲವನ್ನು ವಿವರಿಸಬೇಕಾದುದಿಲ್ಲ. ಮಂತ್ರಿಪದವಿಯನ್ನು ಆತನು ಒಲ್ಲೆನೆಂದನು. ಆದರೂ ಸಮಾಜವಾದಿಯೊಬ್ಬನು ಅರಮನೆಯ ಮೆಟ್ಟಿಲನ್ನು ಹತ್ತಿದನೆಂಬುದು ಪಕ್ಷದ ಉಗ್ರರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಆ ಮುಳ್ಳು ಕೀವುಗಟ್ಟಿದುದು ಮರುವರ್ಷ. 1912ರ ಮಾರ್ಚ್ 14ರಂದು ರೋಮಿನಲ್ಲಿ ಒಬ್ಬ ಅರಾಜಕವಾದಿಯು ದೊರೆ ವಿಕ್ಟರ್ ಇಮ್ಯಾನ್ಯುಯೆಲನ ಮೇಲೆ ಗುಂಡು ಹಾರಿಸಿದನು. ದೊರೆ ಬದುಕಿದನು. ಬಿಸ್ಸೊಲಾತಿ, ಬೊನೋಮಿ, ಕಾಬ್ರಿನಿ ಎಂಬ ಮೂವರು ಸಮಾಜವಾದಿ ಸದಸ್ಯರು ಇತರರೊಡನೆ ಹೋಗಿ ತಮ್ಮ ಸಂತೋಷವನ್ನು ತಿಳಿಸಿ ಬಂದರು. ಜುಲೈ ತಿಂಗಳಲ್ಲಿ ರೆಜ್ಜೊ ಎಮಿಲಿಯಾದಲ್ಲಿ ನೆರೆದ ಪಕ್ಷದ ಮಹಾಸಭೆಯಲ್ಲಿ ಇನ್ನೂ ಮೂವತ್ತು ತುಂಬದ ಒಬ್ಬ ಯುವಕನು ಎದ್ದು, ಇಂತಹ ಏಟುಗಳು ದೊರೆಗಳ ಕಸುಬಿಗೆ ಅಂಟಿಕೊಂಡ ಅಪಾಯಗಳೆಂದು ಅಣಕಿಸಿ, ಇವರನ್ನು ಹೊರಹಾಕಬೇಕೆಂದು ವಾದಿಸಿದನು. ಲಿಬಿಯಾದ ಯುದ್ಧವನ್ನು ಇವರು ದೃಢವಾಗಿ ವಿರೋಧಿಸಲಿಲ್ಲವೆಂಬ ಕೋಪವೂ ಸಭೆಯಲ್ಲಿದ್ದಿತು. ಅದು ಅಕಾರಣವಾದ ಕೋಪವಲ್ಲ. ನಿರ್ಣಯವು ಅಂಗೀಕೃತವಾಯಿತು. ಅದೇ ವರ್ಷ ಕಳೆಯುವುದರೊಳಗಾಗಿ ಆ ಯುವಕನೇ ‘ಅವಾಂತಿ’ಯ ಸಂಪಾದಕನಾದನು. ಅವನೇ ಬೆನಿತೊ ಮುಸೋಲಿನಿ.

ಹೊರದೂಡಲ್ಪಟ್ಟವರು ಸುಧಾರಣಾವಾದಿಗಳ ಬೇರೊಂದು ಸಣ್ಣ ಪಕ್ಷವನ್ನು ಕಟ್ಟಿದರು. 1915ರಲ್ಲಿ ಇಟಲಿಯು ಮಹಾಯುದ್ಧಕ್ಕಿಳಿದಾಗ ಬಿಸ್ಸೊಲಾತಿಗೆ 58 ವರ್ಷ. ಯುದ್ಧ ಬೇಕೆಂದು ಹೇಳಿದ ಮೇಲೆ ಮನೆಯಲ್ಲಿ ಕುಳಿತಿರಲಾರೆನೆಂದು ಪರ್ವತಸೇನೆಯಲ್ಲಿ ಸಾರ್ಜೆಂಟನಾಗಿ ಸೇರಿ, ಮೊಂತೆ ನೇರೊ ಬೆಟ್ಟದಲ್ಲಿ ಗಾಯಗೊಂಡನು. ಇತರರ ಮಕ್ಕಳನ್ನು ರಣಕ್ಕೆ ಕಳುಹಿಸುವ ವಾಗ್ಮಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಈತನು ಆ ಪಂಕ್ತಿಯವನಲ್ಲ.

1916ರ ಜೂನಿನಲ್ಲಿ ಬೊಸೆಲ್ಲಿಯ ಮಂತ್ರಿಮಂಡಲವನ್ನು ಸೇರಿದನು. ಮುಂದೆ ಓರ್ಲಾಂದೊವಿನ ಮಂತ್ರಿಮಂಡಲದಲ್ಲಿ ಯೋಧರ ಸಹಾಯ ಮತ್ತು ಯುದ್ಧ ಪಿಂಚಣಿಗಳ ಶಾಖೆ ಈತನದಾಯಿತು. ಆಸ್ಟ್ರಿಯದ ನೊಗದಿಂದ ಸ್ಲಾವರೇ ಮೊದಲಾದ ಜನಾಂಗಗಳು ಬಿಡುಗಡೆ ಹೊಂದಬೇಕೆಂಬುದು ಈತನ ಪಾಲಿಗೆ ಯುದ್ಧದ ಅರ್ಥ. ಆದರೆ 1915ರ ಲಂಡನ್ ಗುಪ್ತ ಒಪ್ಪಂದವು ಸ್ಲಾವರೇ ಹೆಚ್ಚಾಗಿದ್ದ ಡಾಲ್ಮೇಷಿಯದ ಬಹುಭಾಗವನ್ನೂ ಜರ್ಮನ್ ನುಡಿಯ ದಕ್ಷಿಣ ತಿರೋಲವನ್ನೂ ಇಟಲಿಗೆ ಬರೆದುಕೊಟ್ಟಿದ್ದಿತು. ವಿದೇಶಾಂಗ ಮಂತ್ರಿ ಸೊನ್ನೀನೊ ಅದರ ಒಂದಕ್ಷರವನ್ನೂ ಬಿಡಲೊಲ್ಲನು. ಪರರ ನಾಡನ್ನು ನುಂಗುವುದಾದರೆ ಆಸ್ಟ್ರಿಯಕ್ಕೂ ತಮಗೂ ಭೇದವೇನೆಂಬುದು ಬಿಸ್ಸೊಲಾತಿಯ ಪ್ರಶ್ನೆ. ಗ್ರೀಕರು ವಾಸಿಸುವ ದೊದೆಕನೀಸ್ ದ್ವೀಪಗಳನ್ನೂ ಬಿಟ್ಟುಕೊಡಬೇಕೆಂದನು. 1918ರ ಡಿಸೆಂಬರ್ 28ರಂದು ರಾಜೀನಾಮೆಯಿತ್ತನು. ಜಯ ಲಭಿಸಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಗೆದ್ದ ದೇಶದ ಮಂತ್ರಿಯು ಗೆಲುವಿನ ಪಾಲು ಅತಿಯಾಯಿತೆಂದು ಎದ್ದುಹೋಗುವುದು ಚರಿತ್ರೆಯಲ್ಲಿ ಅಪರೂಪದ ಸಂಗತಿ.

1919ರ ಜನವರಿ 11ರಂದು ಮಿಲಾನಿನ ಪ್ರಸಿದ್ಧ ಸ್ಕಾಲಾ ನಾಟಕಶಾಲೆಯಲ್ಲಿ ತನ್ನ ನಿಲುವನ್ನು ಜನಕ್ಕೆ ತಿಳಿಯಹೇಳಲು ನಿಂತನು. ಆರಂಭದಲ್ಲಿ ಸಭೆ ಕೇಳಿತು. ಡಾಲ್ಮೇಷಿಯದ ಮಾತು ಬರುತ್ತಲೇ ಸಿಳ್ಳು, ಕೂಗು, ಬೊಬ್ಬೆ. ಗದ್ದಲದ ಮುಂದಾಳುಗಳು ಕವಿ ಮರಿನೆತ್ತಿ ಮತ್ತು ಮುಸೋಲಿನಿ. ಏಳು ವರ್ಷಗಳ ಹಿಂದೆ ದೊರೆಗೆ ತಲೆಬಾಗಿದನೆಂದು ಈತನನ್ನು ಹೊರಹಾಕಿಸಿದವನೇ ಈಗ ದೇಶಾಭಿಮಾನ ಸಾಲದೆಂದು ಈತನ ಬಾಯಿ ಮುಚ್ಚಿಸುತ್ತಿದ್ದನು! ಫ್ಯಾಸಿಸ್ಟ್ ದಂಡವು ಮಿಲಾನಿನಲ್ಲಿ ವಿಧ್ಯುಕ್ತವಾಗಿ ಸ್ಥಾಪಿತವಾದುದು ಅದೇ ವರ್ಷದ ಮಾರ್ಚಿನಲ್ಲಿ. ಆದರೆ ವಾದಕ್ಕೆ ಕೂಗೇ ಉತ್ತರವೆಂಬ ಅದರ ವಿಧಾನವು ಆ ರಾತ್ರಿಯೇ ರಂಗವನ್ನೇರಿದ್ದಿತೆಂದು ನಾವು ಭಾವಿಸುತ್ತೇವೆ.

ಬಿಸ್ಸೊಲಾತಿಯು 1920ರ ಮೇ 6ರಂದು ರೋಮಿನಲ್ಲಿ ತೀರಿಕೊಂಡನು. ಆರು ತಿಂಗಳ ತರುವಾಯ, ನವೆಂಬರ್ 12ರಂದು, ಇಟಲಿಯು ರಪಾಲೊ ಒಪ್ಪಂದದ ಮೂಲಕ ಜಾರಾ ಪಟ್ಟಣವನ್ನೂ ಕೆಲವು ದ್ವೀಪಗಳನ್ನೂ ಉಳಿಸಿಕೊಂಡು ಡಾಲ್ಮೇಷಿಯವನ್ನು ತಾನಾಗಿಯೇ ಬಿಟ್ಟುಕೊಟ್ಟಿತು. ಇಟಲಿಯ ಪರವಾಗಿ ಅದಕ್ಕೆ ರುಜು ಹಾಕಿದ ಮೂವರಲ್ಲಿ ಒಬ್ಬನು, 1912ರಲ್ಲಿ ಬಿಸ್ಸೊಲಾತಿಯೊಡನೆ ಪಕ್ಷದಿಂದ ಹೊರದೂಡಲ್ಪಟ್ಟಿದ್ದ ಬೊನೋಮಿ.