ತನ್ನ ರಕ್ತವೇ ತನಗೆ ರಕ್ಷೆ



ಹೃದಯದಿಂದ ಹೊರಟು ಸರ್ವಾಂಗಗಳಿಗೂ ರಕ್ತವನ್ನೊಯ್ಯುವ ಹಿರಿಯ ನಾಳಕ್ಕೆ ಮಹಾಧಮನಿಯೆಂದು ಹೆಸರು. ಅದು ಉಬ್ಬಿ ತೆಳುವಾದರೆ, ಇಲ್ಲವೆ ಅದರ ಒಳಪದರವು ಸೀಳಿದರೆ, ಪ್ರಾಣಕ್ಕೇ ಸಂಚಕಾರ. ಶಸ್ತ್ರವೈದ್ಯರು ಕೆಟ್ಟ ಭಾಗವನ್ನು ತೆಗೆದು ಡೇಕ್ರಾನ್ ಎಂಬ ನೂಲಿನ ನಳಿಗೆಯನ್ನು ಹೊಲಿಯುವರು. ಅಷ್ಟು ಹೊತ್ತು ಹೃದಯದ ಕೆಲಸವನ್ನು ಯಂತ್ರವೇ ಮಾಡತಕ್ಕದ್ದು. ಅಂಥ ಯಂತ್ರದ ನೆರವಿನಿಂದ ಹೃದಯವನ್ನು ತೆರೆದು ಮೊದಲು ಜಯ ಪಡೆದವರು ಅಮೆರಿಕದ ಫಿಲಡೆಲ್ಫಿಯದ ಡಾಕ್ಟರ್ ಜಾನ್ ಗಿಬ್ಬನ್ನರು. ಅದು 1953ನೆಯ ಇಸವಿ ಮೇ 6.

ಆದರೆ ಯಂತ್ರದ ಉಪಕಾರದ ಬೆನ್ನಿಗೆ ಅಪಕಾರವೂ ಉಂಟು. ನೆತ್ತರನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮಕಣಗಳನ್ನು ಪ್ಲೇಟ್‌ಲೆಟ್ ಎನ್ನುವರು; ಪಠ್ಯಪುಸ್ತಕಗಳಲ್ಲಿ ಕಿರುತಟ್ಟೆ. (ನಿಘಂಟು, ಅಮರಗಳಲ್ಲಿ ಹುಡುಕಿ ಫಲವಿಲ್ಲ, ಕಣ್ಣಿಗೆ ಬೀಳದುದಕ್ಕೆ ಹೆಸರೆಲ್ಲಿಂದ ಬರಬೇಕು?) 1882ರಲ್ಲಿ ಇಟಲಿಯ ಬಿಜ್ಜೊಝೆರೊ ಎಂಬ ವಿದ್ವಾಂಸನು ಇವುಗಳ ಕಾರ್ಯವನ್ನು ವಿವರಿಸಿದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1,50,000ದಿಂದ 4,50,000ದವರೆಗೆ ಇರುವ ಈ ಕಣಗಳು ಯಂತ್ರದ ಕೊಳವೆಗಳನ್ನು ತಾಗಿ ಕ್ಷೀಣಿಸುವುವು. ಮಹಾಧಮನಿಯ ಚಿಕಿತ್ಸೆಯಲ್ಲಿ ಮೈಯನ್ನು ಬಹಳವಾಗಿ ತಣಿಸುವುದೂ ಉಂಟಾದುದರಿಂದ ಅವುಗಳ ಶಕ್ತಿಯು ಮತ್ತಷ್ಟು ಕುಂದುವುದು. ಹೊಲಿಗೆ ಮುಗಿದರೂ ಸೂಜಿಯ ರಂಧ್ರಗಳಿಂದ ನೆತ್ತರು ಜಿನುಗುತ್ತಲೇ ಇರುವುದು; ಹೊರಗೆ ಬಂಧುಗಳು ಪರರ ರಕ್ತಕ್ಕಾಗಿ ಅಲೆಯುವರು.

ಇದಕ್ಕೆ ವೈದ್ಯರು ಕಂಡುಕೊಂಡ ಉಪಾಯವು ಸೊಗಸಾಗಿದೆ. ರೋಗಿಗೆ ಅರಿವಳಿಕೆಯಿತ್ತ ಬಳಿಕ, ಹೆಪ್ಪುತಡೆಯುವ ಹೆಪಾರಿನ್ ಕೊಡುವುದಕ್ಕೆ ಮೊದಲೇ, ಆತನ ಸಿರೆಯಿಂದ ರಕ್ತವನ್ನೆಳೆದು ಚಕ್ರಯಂತ್ರದಲ್ಲಿ ತಿರುಗಿಸುವರು. ಭಾರವಾದ ಕೆಂಪುಕಣಗಳು ಬೇರ್ಪಟ್ಟು ರೋಗಿಗೇ ಹಿಂದಿರುಗುವುವು. ಕಿರುತಟ್ಟೆಗಳು ತುಂಬಿದ ರಕ್ತರಸವನ್ನು ಚೀಲದಲ್ಲಿ ಮೆಲ್ಲನೆ ತೂಗಾಡಿಸುತ್ತ, ಹಿಮದಲ್ಲಿಡದೆ, ಕೋಣೆಯ ಬಿಸುಪಿನಲ್ಲಿಯೇ ಕಾಪಾಡುವರು. ಬೆಂಕಿ ಬೀಳುವ ಮುನ್ನ ಬಿತ್ತನೆಯ ಕಾಳನ್ನು ಬೇರೆ ಮನೆಗೆ ಸಾಗಿಸಿದ ಒಕ್ಕಲಿಗನ ಜಾಣತನವಿದು. ಯಂತ್ರವು ನಿಂತು, ಪ್ರೋಟಮೀನ್ ಎಂಬ ಔಷಧದಿಂದ ಹೆಪಾರಿನ್ನಿನ ಪ್ರಭಾವವು ಕಳೆದ ಮೇಲೆ, ಯಂತ್ರವನ್ನೇ ಕಾಣದ ಆ ಕಣಗಳು ಒಡೆಯನ ಮೈಯನ್ನು ಮರಳಿ ಸೇರುವುವು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ವಿಧಾನದಿಂದ ಪರರಕ್ತದ ಅಗತ್ಯವು ಕಡಿಮೆಯಾಯಿತು.

ಇಷ್ಟು ಕೇಳಿ, ಇನ್ನು ರಕ್ತದಾನವೇ ಬೇಡವೆಂದು ಯಾರೂ ಭಾವಿಸಲಾಗದು. ರಕ್ತಹೀನನಾದವನಿಗೂ, ಕಿರುತಟ್ಟೆಗಳು ಮೊದಲೇ ಕಡಿಮೆಯಿದ್ದವನಿಗೂ ಇದು ಸಲ್ಲದು. ಧಮನಿ ಸೀಳಿ ನಾಡಿ ಕುಸಿದು ಬಂದವನಿಂದ ರಕ್ತವನ್ನೆಳೆಯುವುದು ಇನ್ನೂ ಅಪಾಯ. ಅಂಥವನಿಗೆ ಅನ್ಯರು ಕೊಟ್ಟ ಕಿರುತಟ್ಟೆಗಳೇ ಗತಿ. ಅವಾದರೋ ಭಂಡಾರದಲ್ಲಿ ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಬಾಳುವುದಿಲ್ಲ.